ಕಿಲೋಮೀಟರಿಗೆ ಹತ್ತು ರೂಪಾಯಿ

ಅಮೆರಿಕದ 'ಗ್ರೇಟ್ ಸೈಕಲ್ ಚಾಲೆಂಜ್'ನಲ್ಲಿ ಸಾವಿರಾರು ಜನ ಇಷ್ಟು ಮೈಲಿ ತುಳಿಯುತ್ತೇವೆಂದು ಹೇಳಿ, ಪರಿಚಯದವರಿಂದ ಹಣ ಕೂಡಿಸಿ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಕೊಡುತ್ತಾರೆ. ಕಳೆದ ಸೆಪ್ಟೆಂಬರಿನಲ್ಲಿ, ಅದು ಮಕ್ಕಳ ಕ್ಯಾನ್ಸರ್ ಜಾಗೃತಿಯ ತಿಂಗಳು, ಗುರುಗ್ರಾಮದ ನಾವು ಆರು ಜನ ಕನ್ನಡಿಗರೂ ಹಾಗೇ ಮಾಡಿದೆವು. ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಟು ಗ್ವಾಲ್ ಪಹಾಡಿ ದಾಟಿ ಫರೀದಾಬಾದ್ ರಸ್ತೆ. ಟ್ರಕ್ಕುಗಳು, ಬೀದಿನಾಯಿಗಳು, ಅರಾವಳಿಯ ಏರು, ಆಮೇಲೆ ಚಹಾ. (ಫಿಲ್ಟರ್ ಕಾಫಿಯ ಆಸೆ ಇಲ್ಲಿ ಇಟ್ಟುಕೊಳ್ಳಬಾರದು.)

"ರೊಕ್ಕ ಕೊಡಾಕ ಸೈಕಲ್ ಯಾಕ ಬೇಕಪಾ?" ಅಂದ ಹುಬ್ಬಳ್ಳಿಯ ಗೆಳೆಯ. ಕೊಡಲು ಬೇಡ, ಕೇಳಲು ಬೇಕು. ಸುಮ್ಮನೆ ಕೈಚಾಚಲು ನಾಚಿಕೆಯಾಗುತ್ತದೆ. ನಲವತ್ತು ಕಿಲೋಮೀಟರ್ ತುಳಿದು ಬಂದವನಿಗೆ ಅಷ್ಟು ಆಗುವುದಿಲ್ಲ.

ಹಣ ಕೂಡಿದ ಮೇಲೆ ನಮ್ಮಲ್ಲೇ ಜಗಳ. ಸಂಶೋಧನೆಗೋ, ರೋಗಿಗಳ ಕುಟುಂಬದ ವಸತಿಗೋ? ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಗುಣವಾಗುತ್ತಾರೆ. ಎಷ್ಟೋ ಬಡ ದೇಶಗಳಲ್ಲಿ ಶೇ 30 ಕೂಡ ಇಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಔಷಧ ಇದೆ, ಆದರೆ ಚಿಕಿತ್ಸೆ ಎರಡು-ಮೂರು ವರ್ಷ ನಡೆಯಬೇಕು. ಏಮ್ಸ್ ಹೊರಗಿನ ಫುಟ್‌ಪಾತಿನಲ್ಲಿ ಮಲಗುವ ಬಿಹಾರದ ಕೂಲಿಯವನು ಅಷ್ಟು ದಿನ ಕೆಲಸ ಬಿಟ್ಟು ಹೇಗೆ ಇರಬೇಕು? ಕೆಲವರು ಅರ್ಧಕ್ಕೇ ಊರಿಗೆ ಹೋಗಿಬಿಡುತ್ತಾರೆ. ಅಂಥವರನ್ನು ಹಿಡಿದಿಡಲು ದೆಹಲಿಯ ಕ್ಯಾನ್‌ಕಿಡ್ಸ್‌ನಂಥ ಸಂಸ್ಥೆಗಳು 2004ರಿಂದಲೂ ದುಡಿಯುತ್ತಿವೆ.

ನಾನು ವಸತಿಯ ಪರ. ಗುಂಪಿನಲ್ಲಿರುವ ಡಾಕ್ಟರು ಮಾತ್ರ, "ಹೊಸ ಔಷಧ ಬೇಕಾದ ಮಕ್ಕಳೂ ಇದ್ದಾರಲ್ರೀ" ಎನ್ನುತ್ತಾರೆ. ಅದೂ ಸುಳ್ಳಲ್ಲ. ಕೊನೆಗೆ ಮುಕ್ಕಾಲು ವಸತಿಗೆ, ಕಾಲು ಸಂಶೋಧನೆಗೆ ಎಂದಾಯಿತು. ಈ ವರ್ಷ ಇನ್ನೂ ಮೂವರು ಸೇರಿದ್ದಾರೆ, ಒಬ್ಬರಿಗೆ ಸೈಕಲ್ಲಿಲ್ಲ. ನೋಯ್ಡಾದ ಕಡೆ ಯಾರದಾದರೂ ಬಾಲ್ಕನಿಯಲ್ಲಿ ತುಕ್ಕು ಹಿಡಿಯುತ್ತಿದ್ದರೆ ಹೇಳಿ.