ತವರಿನ ಋಣ

ತವರಿನ ಋಣವೆಂದರೇನೆಂದು ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ನಮಗೆ ಬಾಗಿನ ಬರುತ್ತದೆಯೇ ಹೊರತು, ನಾವು ಹಿಂದಕ್ಕೆ ಕೊಟ್ಟು ತೀರಿಸಿದ್ದು ಎಂಬುದಿಲ್ಲ. ನಮ್ಮಮ್ಮ ಎರಡು ಹಸು ಕಟ್ಟಿ, ಹಾಲು ಮಾರಿ ನನ್ನನ್ನು ಬಿ.ಎಡ್.ವರೆಗೆ ಓದಿಸಿದಳು. ಅವಳು ತೀರಿಕೊಂಡ ಮೇಲೆ ಆ ಋಣವನ್ನು ಯಾರಿಗೆ ತೀರಿಸಲಿ ಎಂಬ ಚಿಂತೆ ನನ್ನನ್ನು ಬಹಳ ಕಾಡಿದೆ.

ಈಚೆಗೆ ರಾವಂದೂರಿನ ನಮ್ಮ ಮನೆಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ ಇದೇ ಮಾತೆತ್ತಿದ. ಅವನೀಗ ದೂರದ ಊರಿನಲ್ಲಿ ಸಭಾಪಾಲಕ. ಚಿಕ್ಕಂದಿನಲ್ಲಿ ಅವನಿಗೆ ಹಾಡಲು, ನಾಲ್ಕು ಜನರೆದುರು ನಿಂತು ಓದಲು ಕಲಿಸಿದ್ದು ಒಂದು ಪುಟ್ಟ ಚರ್ಚು. ದೈವಶಾಸ್ತ್ರ ಓದಲು ಹೊರಟಾಗ ಅಲ್ಲಿನ ಕೂಲಿ ಹೆಂಗಸರು ಕೈಲಾದಷ್ಟು ಕೂಡಿಸಿ ಬಸ್ ಚಾರ್ಜಿಗೆ ಕೊಟ್ಟರಂತೆ.

"ಅವರಲ್ಲಿ ಅರ್ಧ ಜನ ಈಗಿಲ್ಲ ಮೇಡಂ. ಆ ಊರಿಗೆ ನನ್ನನ್ನು ಹಾಕುವುದೂ ಇಲ್ಲ. ಏನು ಮಾಡಿದರೆ ಆ ಋಣ ತೀರುತ್ತೆ?" ಎಂದ.

ನನಗೆ ನೆನಪಾದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರನ್ನು ಬೆಳೆಸಿದ್ದು ಬಾಸೆಲ್ ಮಿಷನ್. ದೈವಶಾಸ್ತ್ರ ಕಲಿತದ್ದು ಅದರ ಮಂಗಳೂರಿನ ಸೆಮಿನರಿಯಲ್ಲಿ. ಕಿಟ್ಟೆಲ್ಲರ ಕನ್ನಡ ನಿಘಂಟನ್ನು 1894ರಲ್ಲಿ ಹೊರತಂದದ್ದೂ ಅದೇ ಮಿಷನ್ನು. ಅಂಥ ಮನೆಯಲ್ಲಿ ಬೆಳೆದ ಚನ್ನಪ್ಪನವರು ಉತ್ತರ ಕರ್ನಾಟಕದ ಊರುಗಳಲ್ಲಿ ಪಾದ್ರಿಯಾಗಿ ದುಡಿದರು. ಜೊತೆಗೇ ಹಸ್ತಪ್ರತಿಗಳಲ್ಲಿ, ಜನರ ಬಾಯಲ್ಲಿ ಚದುರಿಹೋಗಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಶಿವಶರಣರ ಸಾಹಿತ್ಯಕ್ಕೂ ಅಷ್ಟೇ ಶ್ರದ್ಧೆಯಿಂದ ದುಡಿದರು. 'ತಿರುಳ್ಗನ್ನಡದ ತಿರುಕ' ಎಂದು ನಾಡು ಅವರನ್ನು ಕರೆಯಿತು. 1949ರ ಗುಲ್ಬರ್ಗದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿಸಿತು. 1962ರಲ್ಲಿ ಅವರು ಕಾಲವಾದರು.

ಚರ್ಚು ಕೊಟ್ಟ ಅಕ್ಷರವನ್ನು ಅವರು ಚರ್ಚಿನ ಗೋಡೆಯೊಳಗೇ ಇಟ್ಟುಕೊಳ್ಳಲಿಲ್ಲ. ಹಾಗೆಂದು ಅದನ್ನು ಬಿಟ್ಟೂ ಬರಲಿಲ್ಲ. ಪಾದ್ರಿಯಾಗಿದ್ದುಕೊಂಡೇ ಇಡೀ ನಾಡಿಗೆ ಹಂಚಿದರು. ಕೊಟ್ಟ ಮನೆಯಲ್ಲಿ ಮಗಳು ಎಲ್ಲರಿಗೂ ಬೇಕಾದವಳಾಗಿ ಬಾಳಿದರೆ ತವರಿಗೆ ಹೆಸರಲ್ಲವೇ? ಇದೂ ಹಾಗೆಯೇ ಎಂದು ನನಗನ್ನಿಸುತ್ತದೆ.

"ಉಳಿದವರನ್ನು ವರ್ಷಕ್ಕೊಮ್ಮೆಯಾದರೂ ಹೋಗಿ ಮಾತಾಡಿಸಿಕೊಂಡು ಬಾರಪ್ಪ" ಎಂದೆ. "ನಿನ್ನ ಸಭೆಯಲ್ಲಿ ಓದಲು ತಡವರಿಸುವ ಮಗುವಿದ್ದರೆ ಮುಂದೆ ನಿಲ್ಲಿಸಿ ಓದಿಸು. ಸತ್ತವರ ಪಾಲು ಅಲ್ಲಿಗೆ ಸಲ್ಲುತ್ತೆ."

ಅವನಿಗೆ ಹೇಳಿದ ಮಾತು ನನಗೂ ಬೇಕಾಗಿತ್ತು. ಈ ವರ್ಷ ನನ್ನ ತರಗತಿಯಲ್ಲಿ ಹೂ ಮಾರುವವಳ ಮಗಳೊಬ್ಬಳಿದ್ದಾಳೆ. ಇಂಗ್ಲಿಷ್ ಎಂದರೆ ನಡುಗುತ್ತಾಳೆ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅವಳನ್ನು ಕೂರಿಸಿಕೊಂಡು ಓದಿಸುತ್ತಿದ್ದೇನೆ. ಅಮ್ಮ ಇದ್ದಿದ್ದರೆ ಆ ಹುಡುಗಿಗೆ ಒಂದು ಲೋಟ ಹಾಲನ್ನೂ ಕೊಟ್ಟು ಕಳಿಸುತ್ತಿದ್ದಳು.