ಗುಡ್ಡದೊಳಗಿನ ನೀರಿಗೆ ದಾರಿ

ಹಾಸನದಿಂದ ಪಶ್ಚಿಮಕ್ಕೆ ಹೊರಟ ನಮಗೆ ಆಲೂರು ಸೀಮೆಯ ಗುಡ್ಡಗಳಲ್ಲಿಯೇ ಮಲೆನಾಡಿನ ಮೊದಲ ನೋಟ ದೊರೆಯುತ್ತದೆ. ಹೇಮಾವತಿಯ ದಡದ ಸಕಲೇಶಪುರವನ್ನು ದಾಟಿ, ಮಂಜರಾಬಾದ್ ಕೋಟೆಯ ಬುಡವನ್ನು ಹಾದ ಹೆದ್ದಾರಿ ಶಿರಾಡಿ ಘಾಟಿಯತ್ತ ಇಳಿಯುತ್ತದೆ. ಇಲ್ಲಿ ಹಸಿರಿನ ನಡುವೆ ರಸ್ತೆಗಾಗಿ ಕಡಿದ ಗುಡ್ಡಗಳ ಕೆಂಪು ಮೈಯೂ ಕಾಣುತ್ತದೆ. 2024ರ ಜುಲೈನಲ್ಲಿ ದೊಡ್ಡತಪ್ಪಲಿನ ಬಳಿ ಗುಡ್ಡ ಜರಿದು ಸಂಚಾರ ನಿಂತಿತು. ಅದೇ ತಿಂಗಳು ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ರೈಲು ಹಳಿಯ ಕೆಳಗಿನ ಮಣ್ಣು ಕುಸಿಯಿತು.

ಮಳೆಗೆ ಗುಡ್ಡವೇಕೆ ಜರಿಯುತ್ತದೆ? ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ ಇಳಿಜಾರು ನಿಂತಿರುತ್ತದೆ. ಇಂಗಿದ ನೀರು ಕೆಳಗಿನ ಬಂಡೆಯ ಮೇಲೆ ತಡೆದು ನಿಂತು, ಕಣಗಳ ಸಂದುಗಳನ್ನು ತುಂಬಿ ಒತ್ತಡ ಹೆಚ್ಚಿಸಿದಾಗ ಆ ಹಿಡಿತ ಸಡಿಲಗೊಳ್ಳುತ್ತದೆ. ಮಣ್ಣಿನ ಭಾರವೂ ಏರುತ್ತದೆ. ಬುಡವನ್ನು ನೆಟ್ಟಗೆ ಕಡಿದಿದ್ದರೆ ಆಸರೆಯೂ ತಪ್ಪುತ್ತದೆ. ಆದುದರಿಂದ ತಡೆಗೋಡೆಯೊಂದೇ ಸಾಲದು. ನೀರು ಹೊರಬೀಳಲು ಕಿಂಡಿಗಳಿಲ್ಲದಿದ್ದರೆ ಹಿಂದೆ ನಿಂತ ನೀರೇ ಗೋಡೆಯನ್ನು ನೂಕುತ್ತದೆ.

ಗುಡ್ಡದ ಮಗ್ಗುಲಲ್ಲಿ ವಾಸಿಸುವ ಕುಟುಂಬಗಳು ಇದನ್ನು ಮನಗಾಣಬೇಕು. ಮುಂಗಾರಿಗೆ ಮುನ್ನ ಇಳಿಜಾರಿನ ಮೇಲಂಚಿನ ಚರಂಡಿಯನ್ನೂ ಗೋಡೆಯ ಕಿಂಡಿಗಳನ್ನೂ ಸ್ವಚ್ಛಗೊಳಿಸಬೇಕು. ಕಡಿದ ಧರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡಬಾರದು. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಹಠಾತ್ತನೆ ಎದ್ದ ಕೆಸರು ಒರತೆ ಕಂಡರೆ ಮಕ್ಕಳು, ವೃದ್ಧರೊಡನೆ ಕತ್ತಲಾಗುವ ಮುನ್ನವೇ ಮನೆ ಬಿಡಬೇಕು. ಮಳೆ ನಿಂತಿತೆಂದು ಕೂಡಲೇ ನಿಶ್ಚಿಂತರಾಗುವುದೂ ತರವಲ್ಲ. ಗುಡ್ಡದೊಳಗಿನ ನೀರು ಇಳಿಯಲು ದಿನಗಳೇ ಬೇಕಾಗಬಹುದು.