ಆ ‘ಅಕ್ಕಪಕ್ಕದವರು’ ಅಂದ್ರೆ ಯಾರು?

ನಮ್ಮ ಏರಿಯಾದಿಂದ ಏನಾದರೂ ಕೆಟ್ಟ ಸುದ್ದಿ ಬಂತು ಅಂದ್ರೆ ಎರಡು ಪ್ರಶ್ನೆ ಗ್ಯಾರಂಟಿ. ಮಾಡಿದವನ ಬಗ್ಗೆ ‘ಹೆಸರೇನಂತೆ?’ ಹುಡುಗಿಗೆ ತೊಂದರೆಯಾಗಿದ್ರೆ ‘ಅಷ್ಟೊತ್ತಲ್ಲಿ ಅಲ್ಲೇನು ಮಾಡ್ತಿದ್ಲಂತೆ?’ ಲಿಫ್ಟ್‌ನಲ್ಲಿ, ಹಾಲಿನ ಬೂತ್ ಮುಂದೆ, ಹೆಬ್ಬಾಳದ ಟ್ರಾಫಿಕ್‌ನಲ್ಲಿ ನಿಂತ ಆಫೀಸ್ ಕ್ಯಾಬ್‌ನಲ್ಲಿ, ಎಲ್ಲ ಕಡೆ ಇದೇ. ಗಾಯಗೊಂಡವರು ಹೇಗಿದ್ದಾರೆ, ಪೊಲೀಸರು ಏನು ಮಾಡಿದರು ಅನ್ನೋದೆಲ್ಲ ಆಮೇಲೆ. ಹೆಸರು ಸಿಕ್ಕಿದ ಕೂಡಲೇ ಎಷ್ಟೋ ಜನಕ್ಕೆ ಸುದ್ದಿ ಅಲ್ಲಿಗೇ ಮುಗಿದಿರುತ್ತೆ.

ಅಭಿಪ್ರಾಯ ಹೇಳೋದು ತಪ್ಪಲ್ಲ. ಊರಿನ ಸುದ್ದಿ ಊರಿನವರು ಮಾತಾಡದೆ ಇನ್ಯಾರು ಮಾತಾಡಬೇಕು? ಆದರೆ ಹೀಗೆ ಆಡಿದ ಮಾತು ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತೆ ಅಂತ ನಾನು ಕಣ್ಣಾರೆ ನೋಡಿದ್ದು ಆರ್.ಟಿ. ನಗರದಲ್ಲಿ ಬಾಡಿಗೆ ಮನೆ ಹುಡುಕುವಾಗ.

2021ರ ಕೊನೆ. ಆಫೀಸಿಗೆ ಹತ್ತಿರವಾಗುತ್ತೆ ಅಂತ ನಾನೂ ನನ್ನ ಸಹೋದ್ಯೋಗಿಯೂ ಸೇರಿ ಎರಡು ಬೆಡ್‌ರೂಮಿನ ಮನೆ ನೋಡ್ತಿದ್ವಿ. ಇಬ್ಬರದೂ ಒಂದೇ ಕಂಪನಿ, ಹೆಚ್ಚುಕಡಿಮೆ ಒಂದೇ ಸಂಬಳ. ಅವಳು ಮುಸ್ಲಿಂ. ಮನೆ ತೋರಿಸುವಾಗ ಎಲ್ಲ ಚೆನ್ನಾಗಿರ್ತಿತ್ತು. ನೀರು ಎಷ್ಟು ಹೊತ್ತು ಬರುತ್ತೆ, ಪಾರ್ಕಿಂಗ್ ಎಲ್ಲಿ, ಅಡ್ವಾನ್ಸ್ ಎಷ್ಟು ಕಡಿಮೆ ಮಾಡ್ತಾರೆ ಅನ್ನೋವರೆಗೂ ಮಾತು ಬರ್ತಿತ್ತು. ಆಧಾರ್ ಜೆರಾಕ್ಸ್ ಕೊಟ್ಟ ಮೇಲೆ ಫೋನ್ ಬರ್ತಿರಲಿಲ್ಲ. ಮೂರನೇ ಮನೆಯ ಓನರ್ ಮಾತ್ರ ಕರೆದು ಹೇಳಿದರು. ಒಳ್ಳೆಯ ಮನುಷ್ಯರು, ಕಾಫಿ ಕೂಡ ಕೊಟ್ಟರು. ‘ನಮಗೇನೂ ಇಲ್ಲಮ್ಮ. ಅಕ್ಕಪಕ್ಕದವರು ಏನಂತಾರೋ. ಹೋದ ವರ್ಷ ಇಲ್ಲೇ ಅಷ್ಟೊಂದು ಗಲಾಟೆ ಆಯ್ತಲ್ಲ.’

ಅವರು ಹೇಳಿದ ಗಲಾಟೆ 2020ರ ಆಗಸ್ಟ್ 11ರ ರಾತ್ರಿಯದ್ದು. ಆರ್.ಟಿ. ನಗರಕ್ಕೆ ಅಂಟಿಕೊಂಡ ಕಾವಲ್ ಭೈರಸಂದ್ರದಲ್ಲಿ ಶಾಸಕ ಆರ್. ಅಖಂಡ ಶ್ರೀನಿವಾಸಮೂರ್ತಿಯವರ ಮನೆಗೆ ಗುಂಪು ಬೆಂಕಿ ಹಚ್ಚಿತು. ಅವರ ಸಂಬಂಧಿಯೊಬ್ಬರದ್ದು ಎನ್ನಲಾದ, ಪ್ರವಾದಿಯವರನ್ನು ಅವಹೇಳನ ಮಾಡುವ ಫೇಸ್‌ಬುಕ್ ಪೋಸ್ಟ್ ಅದಕ್ಕೆ ಕಿಡಿ. ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಪೊಲೀಸ್ ಠಾಣೆಗಳ ಮೇಲೆ ದಾಳಿಯಾಯಿತು, ವಾಹನಗಳು ಸುಟ್ಟುಹೋದವು. ಪೊಲೀಸರ ಗೋಲಿಬಾರ್‌ನಲ್ಲಿ ಮೂವರು ಸತ್ತರು. ನೂರಾರು ಜನರ ಬಂಧನವಾಗಿ, ಯುಎಪಿಎ ಬಿದ್ದು, ತನಿಖೆ ಎನ್‌ಐಎ ಕೈಗೆ ಹೋಯಿತು. ಅದು ಅಪರಾಧ. ಬೆಂಕಿ ಹಚ್ಚಿದವರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ರಾತ್ರಿಯ ಇನ್ನೊಂದು ವಿಡಿಯೋ ಇದೆ. ಡಿ.ಜೆ. ಹಳ್ಳಿಯ ದೇವಸ್ಥಾನವೊಂದರ ಮುಂದೆ ಮುಸ್ಲಿಂ ಹುಡುಗರು ಕೈಕೈ ಹಿಡಿದು ಸಾಲಾಗಿ ನಿಂತಿದ್ದಾರೆ, ಗುಂಪು ಆ ಕಡೆ ಬಾರದಿರಲಿ ಅಂತ. ಅವರೂ ಅಲ್ಲಿನ ಅಕ್ಕಪಕ್ಕದವರೇ. ಬೆಂಕಿ ಹಚ್ಚಿದವರ ಹೆಸರು ಲೆಕ್ಕಕ್ಕೆ ತಗೊಂಡರೆ ಇವರದ್ದೂ ತಗೋಬೇಕಲ್ವಾ? ನನ್ನ ಸಹೋದ್ಯೋಗಿಯಂತೂ ಎರಡೂ ಕಡೆ ಇರಲಿಲ್ಲ. ಆ ಲಾಕ್‌ಡೌನ್ ತಿಂಗಳುಗಳಲ್ಲಿ ಅವಳು ತುಮಕೂರಿನ ಮನೆಯಲ್ಲಿ ಕೂತು ಎಕ್ಸೆಲ್ ಶೀಟ್ ತುಂಬ್ತಿದ್ದಳು. ಆದರೂ ಒಂದು ವರ್ಷದ ಮೇಲೆ ಆ ರಾತ್ರಿಯ ಬಿಲ್ ಬಂದಿದ್ದು ಅವಳ ಹೆಸರಿಗೆ.

ಇನ್ನೊಂದು ಬಿಲ್ ನಮ್ಮಂಥ ಹುಡುಗಿಯರೆಲ್ಲರ ಹೆಸರಿಗೆ ಬರುತ್ತೆ. 2017ರ ಜನವರಿ 1ರ ನಸುಕಿನಲ್ಲಿ ಕಮ್ಮನಹಳ್ಳಿಯಲ್ಲಿ ಆಟೋ ಇಳಿದು ಮನೆಗೆ ನಡೆದುಹೋಗ್ತಿದ್ದ ಯುವತಿಯನ್ನು ಸ್ಕೂಟರ್‌ನಲ್ಲಿ ಬಂದ ಇಬ್ಬರು ಅಡ್ಡಗಟ್ಟಿ ಹಲ್ಲೆ ಮಾಡಿದರು. ಅದೇ ಹೊಸ ವರ್ಷದ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ನಡೆದ ಕಿರುಕುಳದ ಬಗ್ಗೆ ಕೇಳಿದಾಗ ಆಗಿನ ಗೃಹ ಸಚಿವ ಜಿ. ಪರಮೇಶ್ವರ ಅವರು ಯುವಜನರು ಪಾಶ್ಚಾತ್ಯರನ್ನು, ಅವರ ಉಡುಪನ್ನೂ ಅನುಕರಿಸ್ತಾರೆ ಅನ್ನೋ ಅರ್ಥದ ಮಾತಾಡಿದರು. ದೇಶವೆಲ್ಲ ಅವರನ್ನು ಬೈತು. ಬೈದ ಎಷ್ಟೋ ಮನೆಗಳಲ್ಲೇ ಆ ವಾರ ಹೆಣ್ಣುಮಕ್ಕಳಿಗೆ ‘ಎಂಟು ಗಂಟೆ ಒಳಗೆ ಮನೆಯಲ್ಲಿರಬೇಕು’ ಅಂತ ಆರ್ಡರ್ ಆಯ್ತು. ನಮ್ಮಮ್ಮ ಇವತ್ತಿಗೂ ಟಿವಿಯಲ್ಲಿ ಬೆಂಗಳೂರಿನ ಯಾವುದಾದರೂ ಕೇಸ್ ನೋಡಿದ ದಿನ ರಾತ್ರಿ ಮೂರು ಸಲ ಫೋನ್ ಮಾಡ್ತಾರೆ. ಅವರ ಭಯ ಸುಳ್ಳಲ್ಲ. ಅಪರಾಧ ಮಾಡಿದ್ದು ಯಾರೋ, ಟೈಮ್ ಕಟ್ ಆಗೋದು ಯಾರದ್ದೋ ಅನ್ನೋದಷ್ಟೇ ನನ್ನ ಸಂಕಟ.

ಕಮ್ಮನಹಳ್ಳಿ ಕೇಸಿನ ಇನ್ನೊಂದು ಮುಖ ನೆನಪಿಡಬೇಕು. ಅದು ಹೊರಬಂದಿದ್ದು ಅಲ್ಲಿನ ಮನೆಯೊಂದರ ಸಿಸಿಟಿವಿ ದೃಶ್ಯದಿಂದ. ಕೆಲವೇ ದಿನಗಳಲ್ಲಿ ಪೊಲೀಸರು ಆರೋಪಿಗಳನ್ನು ಹಿಡಿದರು. ಆ ಹುಡುಗಿಯ ಡ್ರೆಸ್ ಬಗ್ಗೆ ತೀರ್ಪು ಕೊಟ್ಟ ನೂರು ಬಾಯಿಗಿಂತ ಪಕ್ಕದ ಮನೆಯ ಆ ಒಂದು ಕ್ಯಾಮೆರಾ ಹೆಚ್ಚು ಕೆಲಸ ಮಾಡಿತು. ಅಕ್ಕಪಕ್ಕದವರು ಅಂದ್ರೆ ಜಡ್ಜ್ ಆಗಬಹುದು, ಸಾಕ್ಷಿಯೂ ಆಗಬಹುದು.

ಜಡ್ಜ್ ಆಗೋದರಲ್ಲೇ ನಿಂತರೆ ಏನಾಗುತ್ತೆ ಅನ್ನೋದಕ್ಕೆ 2018ರ ಮೇ ತಿಂಗಳ ಚಾಮರಾಜಪೇಟೆ ಸಾಕು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಹರಿದಾಡಿದ ಸುಳ್ಳನ್ನು ನಂಬಿ, ರಾಜಸ್ಥಾನದಿಂದ ದುಡಿಯೋಕೆ ಬಂದಿದ್ದ 26 ವರ್ಷದ ಯುವಕನನ್ನು ಜನ ಹೊಡೆದು ಕೊಂದರು. ಅಂಥ ಸಾವುಗಳು ದೇಶದ ಹಲವೆಡೆ ಆದ ಮೇಲೆ, ಅದೇ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ಹಾಕಿತು. ಬೆರಳಿಗೆ ಮಿತಿ ಬಂತು. ನಾಲಿಗೆಗೆ ಆ ಸೆಟ್ಟಿಂಗ್ ಇಲ್ಲ.

ಹಾಗಾದರೆ ಕಾನೂನು ಏನು ಹೇಳುತ್ತೆ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸಿಗೆ ಹೆಸರು ಬಂದಿದ್ದು ನಮ್ಮವರೇ ಆದ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರಿಂದ. ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರ ವಯಸ್ಸು 80 ದಾಟಿತ್ತು. 2018ರಲ್ಲಿ ಅದೇ ಕೋರ್ಟು, ಇಬ್ಬರು ವಯಸ್ಕರು ಒಪ್ಪಿ ಮದುವೆಯಾಗೋಕೆ ಮನೆಯವರದ್ದಾಗಲಿ ಸಮುದಾಯದ್ದಾಗಲಿ ಒಪ್ಪಿಗೆ ಬೇಕಿಲ್ಲ ಅಂತ ಹೇಳಿತು. ಆದರೆ ಬಾಡಿಗೆ ಮನೆ ವಿಚಾರಕ್ಕೆ ಬಂದರೆ ಸಂವಿಧಾನದ 15ನೇ ವಿಧಿ ಧರ್ಮ, ಜಾತಿಯ ಕಾರಣಕ್ಕೆ ತಡೆಯಬಾರದು ಅಂತ ಪಟ್ಟಿ ಮಾಡಿರೋದು ಅಂಗಡಿ, ಹೋಟೆಲ್, ಬಾವಿ, ಕೆರೆ, ರಸ್ತೆಯಂಥ ಜಾಗಗಳನ್ನು. ಖಾಸಗಿ ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. ಅಂದ್ರೆ ಕಾನೂನು ನಿಲ್ಲುವ ಆ ಗೇಟಿನ ಒಳಗೆ ನಡೆಯೋದು ನೆರೆಹೊರೆಯ ಅಭಿಪ್ರಾಯವೇ.

ಅದಕ್ಕೇ ಓನರ್ ಹೇಳಿದ ಆ ಮಾತು ನನ್ನನ್ನು ಬಿಡಲಿಲ್ಲ. ‘ನಮಗೇನೂ ಇಲ್ಲ’ ಅಂತ ಎಲ್ಲರೂ ಹೇಳ್ತಾರೆ. ಮೊದಲ ಮಹಡಿಯವರಿಗೆ ಎರಡನೇ ಮಹಡಿಯವರು ‘ಅಕ್ಕಪಕ್ಕದವರು’, ಅವರಿಗೆ ಇವರು. ಯಾರಿಗೂ ತೊಂದರೆ ಇಲ್ಲದ ಹುಡುಗಿಗೆ ಎಲ್ಲರೂ ಸೇರಿ ಮನೆ ಇಲ್ಲ ಅಂದರು. ಲಿಫ್ಟ್‌ನಲ್ಲಿ ನಾವು ಸುಮ್ಮನೆ ಬಿಟ್ಟ ಒಂದು ‘ಹೆಸರೇನಂತೆ?’ ಆ ಓನರ್ ಕಿವಿಯಲ್ಲಿ ಕೂತು ‘ಏನಂತಾರೋ’ ಆಗುತ್ತೆ.

ಕೊನೆಗೆ ನಮಗೆ ಮನೆ ಸಿಕ್ಕಿತು. ಅವಳದ್ದು ಒಂದು ಕಡೆ, ನನ್ನದು ಇನ್ನೊಂದು ಕಡೆ. ಅವಳು ಈಗಲೂ ದಿನಾ ಎರಡು ಬಸ್ ಬದಲಾಯಿಸಿ ಬರ್ತಾಳೆ.

ಹೋದ ತಿಂಗಳು ನಮ್ಮ ಬಿಲ್ಡಿಂಗ್ ಮೀಟಿಂಗ್‌ನಲ್ಲಿ ಖಾಲಿಯಾದ ಫ್ಲಾಟ್ ‘ಫ್ಯಾಮಿಲಿಗೆ ಮಾತ್ರ, ನಮ್ಮ ಕಡೆಯವರಿಗೆ ಮಾತ್ರ’ ಕೊಡೋಣ ಅನ್ನೋ ಮಾತು ಬಂತು. ಪೇಪರಿನಲ್ಲಿ ಬಂದ ಯಾವುದೋ ಕೇಸನ್ನು ಉದಾಹರಣೆ ಕೊಟ್ಟರು. ನಾನು ಭಾಷಣ ಮಾಡಲಿಲ್ಲ. ಬರೋವರ ಪೊಲೀಸ್ ವೆರಿಫಿಕೇಶನ್, ಅಗ್ರಿಮೆಂಟ್ ಎಲ್ಲ ಸರಿ ಇದ್ರೆ ಸಾಕು ಅಂದೆ. ‘ಪಕ್ಕದ ಫ್ಲಾಟ್ ನಂದು. ಯಾರು ಬಂದರೂ ನನಗೆ ಅಭ್ಯಂತರ ಇಲ್ಲ ಅಂತ ಮಿನಿಟ್ಸ್‌ನಲ್ಲಿ ಬರ್ಕೊಳ್ಳಿ’ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕೆಳಗಿನ ಮನೆಯ ರಿಟೈರ್ಡ್ ಮೇಷ್ಟ್ರು, ‘ನಂದೂ ಬರ್ಕೊಳ್ಳಪ್ಪ’ ಅಂದರು.

ನಿರ್ಣಯ ಪಾಸೂ ಆಗಲಿಲ್ಲ, ಬಿದ್ದೂ ಹೋಗಲಿಲ್ಲ, ಮುಂದಿನ ಮೀಟಿಂಗ್‌ಗೆ ಹೋಗಿದೆ. ಆದರೆ ಆ ಫ್ಲಾಟಿನ ಓನರ್ ಇನ್ನು ಮುಂದೆ ಯಾರಿಗಾದರೂ ‘ಅಕ್ಕಪಕ್ಕದವರು ಏನಂತಾರೋ’ ಅನ್ನೋ ಹಾಗಿಲ್ಲ. ಏನಂತಾರೆ ಅಂತ ಈಗ ಬರವಣಿಗೆಯಲ್ಲಿದೆ.